ಅತ್ತೆಯ ಮೂವತ್ತು ಮಾತ್ರೆ

ಅಕೆನೆತಾ ಅತ್ತೆಯ ರಕ್ತಪರೀಕ್ಷೆಯ ವರದಿ ಫಿಜಿಯ ರಾಜಧಾನಿ ಸುವಾದಿಂದ ದೋಣಿಯಲ್ಲಿ ಬಂತು. ನಾನೇ ಬಿಚ್ಚಿ ಓದಿದೆ. ಎರಡು ವರ್ಷ ಹಿಡಿತದಲ್ಲಿದ್ದ ರಕ್ತದ ಕ್ಯಾನ್ಸರ್ ಮತ್ತೆ ತಲೆಯೆತ್ತಿತ್ತು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಈಗ ಕೊಡುತ್ತಿರುವ ಮದ್ದು ನಿಲ್ಲಿಸುತ್ತಾರಂತೆ. ಪುಕ್ಕಟೆ ಸಿಗುವ ಬೇರೆ ಮದ್ದಿಲ್ಲ.

ನಮ್ಮ ದ್ವೀಪದ ಪುಟ್ಟ ಆಸ್ಪತ್ರೆಗೆ ನಾನೊಬ್ಬಳೇ ನರ್ಸ್. ಹೊರದೇಶದವರು ತಿಂಗಳಿಗೊಮ್ಮೆ ಕಳಿಸುವ ಮೂವತ್ತು ಮಾತ್ರೆಯ ಡಬ್ಬಿಯನ್ನು ಅತ್ತೆಯ ಕೈಗಿಡುತ್ತಿದ್ದವಳೂ ನಾನೇ.

"ಅತ್ತೆ, ನಿಜ ಹೇಳು. ದಿನಾ ನುಂಗ್ತಿದ್ದೀಯಾ?"

ಚಾಪೆ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ. "ದಿನ ಬಿಟ್ಟು ದಿನ ಕಣೇ. ಮಿಕ್ಕಿದ್ದು ನಿನ್ನ ದೊಡ್ಡ ಮಾವ ಕೇಳಿದ್ರು."

ಪೆನಿಯಾಸಿ ಮಾವ ಅವಳ ಗಂಡನ ಅಣ್ಣ, ನನ್ನ ಅಮ್ಮನ ತಮ್ಮ. ಲಿವರ್‌ನಲ್ಲಿ ಗಡ್ಡೆ, ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು.

"ಅಯ್ಯೋ, ಅದು ಅವರ ಕಾಯಿಲೆಗೆ ನಾಟೋ ಮದ್ದೇ ಅಲ್ಲ! ಇಲ್ಲ ಅನ್ನೋಕೆ ಬಾಯಲ್ಲೇನು ಮರಗೆಣಸು ತುರುಕ್ಕೊಂಡಿದ್ಯಾ?"

"ನಂಟರು ಕೇಳಿದ್ಮೇಲೆ ಇಲ್ಲ ಅಂತಾರೇನೇ? ನೀನಾಗಿದ್ರೆ ಅಂತಿದ್ಯಾ?"

"ಮುಖಕ್ಕೆ ಹೊಡೆದ ಹಾಗೆ ಅಂತಿದ್ದೆ!"

ಅಂದಿನಿಂದ ಡಬ್ಬಿ ನನ್ನ ಬೀರುವಿನಲ್ಲಿ. ಅತ್ತೆ ಬೆಳಿಗ್ಗೆ ಬಂದು ನನ್ನೆದುರೇ ನುಂಗಬೇಕು. ಒಂಬತ್ತು ದಿನ ಹಾಗೇ ನಡೆಯಿತು.

ಹತ್ತನೆಯ ಬೆಳಿಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಮಾವ ಕೂತಿದ್ದರು. ಆನೆಯಂಥ ಆಳು, ಮೂಳೆ ಚಕ್ಕಳವಾಗಿದ್ದರು. ತೊಡೆಯ ಮೇಲೆ ನಾವು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು. ಅದನ್ನು ಕಂಡದ್ದೇ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ನಮ್ಮ ಪದ್ಧತಿಯಲ್ಲಿ ಈ ಬೇರು ಮುಂದಿಟ್ಟು ಕೇಳಿದವರ ಕಟ್ಟನ್ನು ಕೈಯಿಂದ ಮುಟ್ಟಿದರೆ ಮುಗಿಯಿತು, ಕೇಳಿದ್ದನ್ನು ಕೊಡಲೇಬೇಕು.

"ಮಾವ, ಬೇಡ. ತೆಗೆದಿಡಿ ಅದನ್ನ. ಆ ಮಾತ್ರೆ ನಿಮಗೆ ನಾಟಲ್ಲ."

"ಡಾಕ್ಟ್ರೂ ಹಾಗೇ ಅಂದ್ರು ಮಗಳೇ. ಆದ್ರೆ ಅದನ್ನ ನುಂಗಿದ ದಿನ ಭಯ ಇರಲ್ಲ." ಮಾವ ಉಸಿರೆಳೆದುಕೊಂಡರು. "ಚಿಕ್ಕೋಳಿದ್ದಾಗ ನನ್ನ ಹಂದಿಮರಿ ಕೇಳ್ದೆ, ದೋಣಿ ಕೇಳ್ದೆ. ಅಕ್ಕನ ಮಗಳು ಅಂತ ಕೊಟ್ಟೆ. ಒಂದು ಸಲನಾದ್ರೂ ಇಲ್ಲ ಅಂದೆನಾ?"

ಎರಡೂ ಕೈಯಲ್ಲಿ ಕಟ್ಟನ್ನು ಚಾಚಿದರು. ಹಿಡಿತ ಸಾಲದೆ ಕಟ್ಟು ಜಾರಿತು. ಬೀಳದಿರಲೆಂದು ಹಿಡಿದೆನೋ, ಇಲ್ಲವೆನ್ನಲಾಗದೆ ಹಿಡಿದೆನೋ, ದೇವರಾಣೆ ನನಗೆ ಗೊತ್ತಿಲ್ಲ. ಬೇರು ನನ್ನ ಕೈಯಲ್ಲಿತ್ತು.

ಅವತ್ತಿನ ಮಾತ್ರೆಗೆಂದು ಬಂದ ಅತ್ತೆ ಮೆಟ್ಟಿಲ ಬಳಿ ನಿಂತಿದ್ದಳು. ನನ್ನ ಕೈ ನೋಡಿದಳು. ಅಲ್ಲೇ ಕೂತು, ಬೇರು ಸಂದಿತೆಂದು ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿದಳು.