ಸ್ಕ್ರೀನಿನ ಅಂಚು ದಾಟಿದ ಚಿತ್ರ

"ಗಜಾಲಾ, ನಮಾಜಿಗೆ ಹೊರಟೆ ಕಣೇ. ಮುಂದಿನ ಬಾಗಿಲು ಎಳ್ಕೊಂಡು ಹೋಗ್ತೀನಿ. ಯಾರು ಬಡಿದ್ರೂ ತೆಗೀಬೇಡ," ಎಂದು ಮಿಫ್ತಾ ಮಾವ ಹಿಂದಿನ ಕೋಣೆಯ ಬಾಗಿಲಾಚೆಯಿಂದಲೇ ಕೂಗಿ ಹೇಳಿದ.

"ಸರಿ ಮಾವ. ನನ್ನ ಟೀ?"

"ಹೊಸ್ತಿಲ ಹತ್ರ ಇಟ್ಟಿದೀನಿ. ಟೀ ಮೇಲೆ ಕಡಲೆಬೀಜ ಜಾಸ್ತೀನೇ ಹಾಕಿದೀನಿ. ಆಮೇಲೆ ಮಾವ ಜಿಪುಣ ಅನ್ಬೇಡ."

ಅವನ ಹೆಜ್ಜೆ ಸಪ್ಪಳ ದೂರವಾದ ಮೇಲೆ ಗಜಾಲಾ ಚಿಲಕ ತೆಗೆದು, ಗ್ಲಾಸು ಒಳಗೆ ತಂದು, ಮತ್ತೆ ಚಿಲಕ ಹಾಕಿದಳು. ಮಿಸ್ರಾತಾ ಊರಿನ ಆ ಫೋಟೋ ಸ್ಟುಡಿಯೋದಲ್ಲಿ ಇದೇ ಕಟ್ಟುಪಾಡು. ಮುಂದಿನ ಅಂಗಡಿ ಮಾವನದು: ಪಾಸ್‌ಪೋರ್ಟ್ ಫೋಟೋ, ಮಕ್ಕಳ ಫೋಟೋ, ಮೀಸೆ ತಿರುವಿಕೊಂಡ ಮದುಮಗಂದಿರು. ಹಿಂದಿನ ಕೋಣೆ ಅವಳದು. ಹೆಂಗಸರ ಮದುವೆ ಚಿತ್ರಗಳನ್ನು ಅಲ್ಲಿ ಮಾತ್ರ ತೆರೆಯಬೇಕು, ಅವಳೊಬ್ಬಳೇ ನೋಡಬೇಕು. ಮದುವೆ ದಿನ ಹೆಂಗಸರ ಛತ್ರದ ಬಾಗಿಲಲ್ಲೇ ಎಲ್ಲರ ಫೋನು ಇಸಿದುಕೊಂಡು ಚೀಲಕ್ಕೆ ಹಾಕುತ್ತಾರೆ. ಒಳಗೆ ಹೋಗುವುದು ಗಜಾಲಾಳ ಕ್ಯಾಮೆರಾ ಒಂದೇ. ಅವಳು ಕೆಲಸಕ್ಕೆ ಕೂತಾಗ ಮಾವ ಇತ್ತ ಕಾಲಿಡುವವನಲ್ಲ. ಮುಂದೆ ಗಂಡಸರಿದ್ದಾಗ ಅವಳು ಅತ್ತ ತಲೆ ಹಾಕುವವಳಲ್ಲ. ಹೀಗಾಗಿ ಅವನ ಕಡೆ ಏನು ಬದಲಾಯಿತೆಂದು ಇವಳಿಗೆ ಗೊತ್ತಿಲ್ಲ, ಇವಳ ಕಡೆ ಏನು ನಡೆಯುತ್ತದೆಂದು ಅವನಿಗೆ ಗೊತ್ತಿಲ್ಲ. ಮರ್ಯಾದೆ ಹೆಚ್ಚಾದರೂ ಕಷ್ಟವೇ.

ಇವತ್ತು ತೆರೆದಿದ್ದು ಹನಿಯಾಳ ಚಿತ್ರ. ಶಾಲೆಯಲ್ಲಿ ಒಂದೇ ಬೆಂಚಿನ ಗೆಳತಿ. ಮದುವೆಗೆ ಫೋಟೋನೇ ಬೇಡ ಎಂದು ಹಟ ಹಿಡಿದಿದ್ದವಳು. "ನನ್ನ ಕಣ್ಣು ಬಿಟ್ಟು ಇನ್ನೊಂದು ಕಣ್ಣು ನಿನ್ನ ನೋಡಿದ್ರೆ ಆಮೇಲೆ ಕೇಳು," ಎಂದು ಗಜಾಲಾ ಆಣೆ ಇಟ್ಟ ಮೇಲಷ್ಟೇ ಒಪ್ಪಿದ್ದಳು. ಚಿತ್ರದಲ್ಲಿ ಅವಳ ಕೂದಲು ಸೊಂಟದವರೆಗೆ ಬಿಚ್ಚಿಕೊಂಡಿತ್ತು. ತೋಳು ಬರಿದು. ಯಾರ ಹಂಗೂ ಇಲ್ಲದೆ ಬಾಯ್ತುಂಬ ನಗುತ್ತಿದ್ದಳು. ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಅವಳ ಮೈದುನನ ಮಸಾಲೆ ಅಂಗಡಿ ಸ್ಟುಡಿಯೋದ ಎದುರಿಗೇ ಇತ್ತು.

ಗಜಾಲಾ ಕೆಲಸ ಮಾಡುವ ಕ್ರಮವೇ ಬೇರೆ. ಒಂದೇ ಚಿತ್ರವನ್ನು ಎರಡು ವಿಂಡೋಗಳಲ್ಲಿ ತೆರೆಯುತ್ತಾಳೆ. ಒಂದರಲ್ಲಿ ರೆಪ್ಪೆಗೂದಲು ಎಣಿಸುವಷ್ಟು ಹತ್ತಿರ, ಅಲ್ಲಿ ತಿದ್ದುವುದು. ಇನ್ನೊಂದರಲ್ಲಿ ಪೂರ್ತಿ ಆಳು, ತಿದ್ದಿದ್ದು ಅತಿಯಾಯಿತೇ ಎಂದು ನೋಡಿಕೊಳ್ಳುವುದು. ಕುಂಚಗಳು ಬಲಕ್ಕೆ, ಬಣ್ಣಗಳು ಮೇಲೆ, ಲೇಯರುಗಳ ಪ್ಯಾನೆಲ್ ಕೆಳಗೆ, ಪೂರ್ತಿ ಆಳಿನ ವಿಂಡೋ ಎಡಗಡೆಯ ಇನ್ನೊಂದು ಸ್ಕ್ರೀನಿನ ತುಂಬ. ಒಗ್ಗರಣೆ ಡಬ್ಬಿ ಎಲ್ಲಿದೆಯೆಂದು ಕೈಗೇ ಗೊತ್ತಿರುವ ಹಾಗೆ ಎಲ್ಲವನ್ನೂ ಜೋಡಿಸಿ, ಆ ಜೋಡಣೆಗೆ 'ನನ್ನ ಅಡುಗೆಮನೆ' ಎಂದು ಹೆಸರಿಟ್ಟು ಉಳಿಸಿಕೊಂಡಿದ್ದಳು. ಕಳೆದ ವಾರ ಎಡಗಡೆಯ ಸ್ಕ್ರೀನು ಕೆಟ್ಟಿತು. ಅಂದಿನಿಂದ ಪ್ಯಾನೆಲ್ಲುಗಳೆಲ್ಲ ಇರುವ ಒಂದೇ ಸ್ಕ್ರೀನಿನಲ್ಲಿ ಒತ್ತಿಕೊಂಡು, ಮುಖ ಕಾಣಲು ಅಂಗೈಯಗಲ ಜಾಗ ಉಳಿದಿತ್ತು. ಸಾಕಾಯಿತು ಅವಳಿಗೆ. ಮೆನುವಿನಲ್ಲಿ 'ನನ್ನ ಅಡುಗೆಮನೆ' ಒತ್ತಿದಳು.

ಪ್ಯಾನೆಲ್ಲುಗಳು ತಂತಮ್ಮ ಜಾಗಕ್ಕೆ ಹೋಗಿ ಕೂತವು. ಹನಿಯಾಳ ಎಡಗಣ್ಣು ಸ್ಕ್ರೀನಿನ ತುಂಬ ಅರಳಿತು. ಪೂರ್ತಿ ಆಳಿನ ವಿಂಡೋ ಮಾತ್ರ ಎಲ್ಲೂ ಇಲ್ಲ.

ತೆರೆದುಕೊಳ್ಳಲಿಲ್ಲವೇನೋ ಎಂದು ಮತ್ತೆ ತೆರೆದಳು. ಇಲ್ಲ. ಇನ್ನೊಮ್ಮೆ. ಇಲ್ಲ. ಹಾಳಾಗಿ ಹೋಗಲಿ ಎಂದು ರೆಪ್ಪೆ ತಿದ್ದಲು ಕೂತಳು.

ಆಗ ಮುಂದಿನ ಬಾಗಿಲು ದಬದಬ ಬಡಿದ ಸದ್ದಾಯಿತು.

ಗಜಾಲಾಳ ಕೈ ಮೌಸಿನ ಮೇಲೆಯೇ ನಿಂತಿತು. ಗಿರಾಕಿ ಹೀಗೆ ಬಡಿಯುವುದಿಲ್ಲ. ಬಡಿಯುವವರು ಏನೋ ಕೂಗುತ್ತಲೂ ಇದ್ದರು. ಎರಡು ಬಾಗಿಲು ದಾಟಿ ಬರುವಷ್ಟರಲ್ಲಿ ಅದು ಬರೀ ಗದ್ದಲವಾಗಿ, ಗಂಡೋ ಹೆಣ್ಣೋ ತಿಳಿಯಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಎದ್ದು ಚಿಲಕ ಬಿಗಿಯಾಗಿದೆಯೇ ನೋಡಿ, ಉಸಿರು ಬಿಗಿಹಿಡಿದು ನಿಂತಳು. ಬಡಿತ ಹೆಚ್ಚಾಯಿತು, ಆಮೇಲೆ ಒಮ್ಮೆಗೇ ನಿಂತುಹೋಯಿತು.

ಸದ್ಯ ಹೋದರು ಎಂದುಕೊಂಡು ಕುರ್ಚಿಗೆ ಬಂದಳು. ಅವಸರದಲ್ಲಿ ಹಿಡಿದ ಮೌಸು ಎಡಕ್ಕೆ ಜಾರಿತು, ಬಾಣದ ಗುರುತು ಸ್ಕ್ರೀನಿನ ಅಂಚಿಗೆ ಹೋಯಿತು. ಅಂಚಿನಲ್ಲಿ ಅದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂಚು ದಾಟಿ ಮಾಯವಾಯಿತು.

ಗಜಾಲಾ ನಿಧಾನವಾಗಿ ಮೌಸನ್ನು ಬಲಕ್ಕೆ ಎಳೆದಳು. ಬಾಣ ಬಂತು. ಎಡಕ್ಕೆ ತಳ್ಳಿದಳು. ಹೋಯಿತು. ಹೋಗಲು ಆಚೆ ಇನ್ನೊಂದು ಸ್ಕ್ರೀನು ಇರಬೇಕಲ್ಲ!

ಮೇಜಿನ ಕೆಳಗೆ ಬಗ್ಗಿದಳು. ಕೆಟ್ಟ ಸ್ಕ್ರೀನಿನ ತಂತಿ ಅನಾಥವಾಗಿ ಬಿದ್ದಿರಬೇಕಿತ್ತು. ಅದು ಗೋಡೆಯ ಒಂದು ಹೊಸ ತೂತಿನೊಳಕ್ಕೆ ಹೋಗಿತ್ತು. ನೆಲದ ಮೇಲೆ ಗಾರೆಯ ಪುಡಿ. ತೂತಿನಾಚೆ ಮಾವನ ಅಂಗಡಿ, ಅಂಗಡಿಯ ಮುಂಭಾಗಕ್ಕೆ ಬೀದಿಯ ಕಡೆ ಮುಖ ಮಾಡಿದ ಗಾಜಿನ ಶೋಕೇಸು. ಬೆಳಗ್ಗೆ ಮಾವ ಹೇಳಿದ್ದು ನೆನಪಾಯಿತು: "ಈದ್‌ಗೆ ಅಂತ ಶೋಕೇಸಿಗೆ ದೊಡ್ಡ ಟೀವಿ ಹಾಕಿದೀನಿ, ಮಕ್ಕಳ ಫೋಟೋ ಓಡ್ತಾ ಇರ್ತವೆ. ಮನೆಗೆ ಹೋಗ್ತಾ ನೋಡು." ಅದಕ್ಕೆ ಬೇರೆ ಪೆನ್‌ಡ್ರೈವ್ ಇರುತ್ತದೆಂದು ಅವಳು ತಿಳಿದಿದ್ದಳು. ಅವಳು ಬರುವ ಮೊದಲೇ ಕೋಣೆಗೆ ಬಂದು, ಸುಮ್ಮನೆ ಬಿದ್ದಿದ್ದ ತಂತಿಯನ್ನು ಪುಣ್ಯಾತ್ಮ ಕೆಲಸಕ್ಕೆ ಹಚ್ಚಿದ್ದ.

ತನ್ನ ಮುಂದಿರುವುದು ಬರೀ ಕಣ್ಣು. ಹಾಗಾದರೆ ಬೀದಿಯಲ್ಲಿರುವುದು ಪೂರ್ತಿ ಹನಿಯಾ.

ವಿಂಡೋ ಮುಚ್ಚುವ ಕೀಲಿ ಒತ್ತಿದಳು. ಕಂಪ್ಯೂಟರು ಟಂಗ್ ಎಂದಿತು. ಮತ್ತೆ ಒತ್ತಿದಳು. ಟಂಗ್. ಉಳಿಸಲೋ ಬೇಡವೋ ಎಂದು ಅದು ಕೇಳುತ್ತಿತ್ತು; ಕೇಳುತ್ತಿದ್ದದ್ದು ಬೀದಿಯ ಸ್ಕ್ರೀನಿನಲ್ಲಿ, ಹನಿಯಾಳ ಮೈಮೇಲೆ. ಅದಕ್ಕೆ ಉತ್ತರ ಕೊಡದೆ ಇಲ್ಲಿ ಏನನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ತಂತಿ ಹಿಡಿದು ಎಳೆದಳು. ಮಾವ ತಿರುಪು ಹಾಕಿ ಬಿಗಿದಿದ್ದ, ಬೆವರಿದ ಬೆರಳು ಜಾರಿತು, ಉಗುರು ಮುರಿಯಿತು. ಪ್ಲಗ್ಗು ಕಿತ್ತಳು. ಕರೆಂಟು ಹೋದರೂ ಕೆಲಸ ಹಾಳಾಗದಿರಲಿ ಎಂದು ಇಟ್ಟಿದ್ದ ಬ್ಯಾಟರಿ ಪೆಟ್ಟಿಗೆ ಕೀಕೀ ಎನ್ನುತ್ತಾ ಎಲ್ಲವನ್ನೂ ಉರಿಸಿಟ್ಟಿತು. ಹೊರಗೆ ಗಂಡಸರ ಮಾತು, ಚಪ್ಪಲಿ ಸದ್ದು. ನಮಾಜು ಮುಗಿದಿತ್ತು. ಬೀದಿ ತುಂಬುತ್ತಿತ್ತು.

"ಯಾ ರಬ್ಬಿ, ಅವಳದೇನೂ ತಪ್ಪಿಲ್ಲ. ಎಲ್ಲಾ ನಂದೇ," ಎಂದು ಅಳುತ್ತಾ ಪೆಟ್ಟಿಗೆಯ ಗುಂಡಿ ಹುಡುಕಿ ಅದುಮಿ ಹಿಡಿದಳು. ಎಲ್ಲ ಕಪ್ಪಾಯಿತು.

ತಲೆವಸ್ತ್ರ ಸುತ್ತಿಕೊಂಡು ಎರಡು ಬಾಗಿಲೂ ತೆಗೆದು ಓಡಿದಳು. ಎದುರಿನ ಮುಖಗಳಲ್ಲಿ ಏನು ಕಾಣಬೇಕಾಗುತ್ತದೋ ಎಂದು ತಲೆ ಎತ್ತಲೇ ಧೈರ್ಯವಿರಲಿಲ್ಲ. ಎತ್ತಿದಾಗ ಒಂದು ಮುಖವೂ ಕಾಣಲಿಲ್ಲ. ಬೀದಿಯ ಗಂಡಸರೆಲ್ಲ ಬೆನ್ನು ತಿರುಗಿಸಿ ನಿಂತಿದ್ದರು. ಹನಿಯಾಳ ಮೈದುನ ಬೀಗದ ಕೈ ಹಿಡಿದು ತನ್ನ ಅಂಗಡಿಯ ಷಟರನ್ನೇ ನೋಡುತ್ತಿದ್ದ. ಮಿಫ್ತಾ ಮಾವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮರೆತು, ಗೋಡೆಗೆ ಮುಖ ಮಾಡಿದ್ದ.

ಶೋಕೇಸಿನ ಮುಂದೆ ಒಬ್ಬಳು ಮುದುಕಿ. ಮೈತುಂಬ ಹೊದ್ದುಕೊಳ್ಳುವ ಬಿಳಿಯ ಫರಾಶಿಯಾವನ್ನು ಕಳಚಿ, ಎರಡೂ ತೋಳು ಮೇಲೆತ್ತಿ, ಗಾಜಿನ ಉದ್ದಗಲಕ್ಕೂ ಹಿಡಿದು ಒತ್ತಿಕೊಂಡಿದ್ದಳು. ಮದರಂಗಿ ಹಚ್ಚಿದ ಅವಳ ತೆಳ್ಳನೆಯ ಜಡೆಗಳು ಬೀದಿಯ ಬಿಸಿಲಿಗೆ ಬರಿದಾಗಿ ಬೆನ್ನ ಮೇಲೆ ಬಿದ್ದಿದ್ದವು. ತೋಳುಗಳು ಗಡಗಡ ನಡುಗುತ್ತಿದ್ದವು.

"ಅಜ್ಜೀ," ಎಂದಳು ಗಜಾಲಾ. "ಆರಿಸಿದೆ ಅಜ್ಜೀ. ಆರಿ ಆಯ್ತು."

"ಆಯ್ತಾ? ಬಟ್ಟೆ ಹಿಂದೆ ನಂಗೇನು ಕಾಣುತ್ತೆ?" ಮುದುಕಿ ಗದರಿದಳು. "ಬಾಗಿಲು ಬಡಿದೂ ಬಡಿದೂ ಕೈ ಸೋತೋಯ್ತು. ಕಿವಿಗೆ ಏನು ತುಂಬ್ಕೊಂಡಿದ್ಯೇ?"

ಬಡಿದದ್ದು ಇವಳು.

"ಯಾರ್ಯಾರು ನೋಡಿದ್ರು ಅಜ್ಜೀ?"

"ಇಬ್ಬರು ಪೋಕರಿಗಳು ನಿಂತು ಹಲ್ಲು ಕಿಸೀತಿದ್ರು. ನನ್ನ ಚಪ್ಪಲೀನೂ ನೋಡಿದ್ರು. ಓಡಿದ್ರು."

"ಅವಳು ನನ್ನ ಗೆಳತಿ, ಅಜ್ಜೀ. ಹೆಸರು..."

"ಹೇಳಬೇಡ! ನಂಗ್ಯಾಕೆ ಅವಳ ಹೆಸರು? ಮೊದಲು ಈ ತೋಳು ಇಳಿಸು, ತಾನಾಗಿ ಇಳೀತಿಲ್ಲ."

ಗಜಾಲಾ ಆ ಮರಗಟ್ಟಿದ ತೋಳುಗಳನ್ನು ಒಂದೊಂದಾಗಿ ಇಳಿಸಿ, ಫರಾಶಿಯಾವನ್ನು ಅವಳ ತಲೆಯ ಮೇಲೆ ಹೊದಿಸಿದಳು. ನೆರಿಗೆ ಸರಿ ಮಾಡುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಇವತ್ತು ಸಂಜೆಯೇ ಹನಿಯಾಳ ಮುಂದೆ ಕೂತು ಇದನ್ನು ಬಾಯಿಬಿಟ್ಟು ಹೇಳಬೇಕಿತ್ತು. "ಆ ಇಬ್ಬರು ಸುಮ್ನಿರ್ತಾರಾ ಅಜ್ಜೀ? ಊರೆಲ್ಲಾ ಆಡ್ಕೊಳ್ಳುತ್ತೆ."

"ಆಡ್ಕೊಳ್ಳದೆ ಬಿಡುತ್ತಾ?" ಮುದುಕಿ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಒಂದೇ ಕಣ್ಣು ಕಾಣುವಂತೆ ಮುಖ ಮುಚ್ಚಿಕೊಂಡಳು. "ಮದುವೆ ಆದಾಗಿಂದ ಈ ಬೀದಿ ನನ್ನ ಒಂದು ಕೂದಲೂ ಕಂಡಿರಲಿಲ್ಲ ಮಗಳೇ. ಇವತ್ತು ಎಲ್ಲಾ ಕಂಡಿತು. ಇನ್ನು ಈ ಹುಚ್ಚು ಮುದುಕಿ ಮಾತೇ ಮುಗಿಯಲ್ಲ ಅವರಿಗೆ. ನಿನ್ನ ಗೆಳತಿ ಬಗ್ಗೆ ಮಾತಾಡೋಕೆ ಪುರುಸೊತ್ತಾದ್ರೂ ಎಲ್ಲಿದೆ?"