ಹದಿನೇಳನೇ ನಂಬರಿನ ಸೀಲು

ಆಯುಧಪೂಜೆಯ ದಿನ ತಪಾಸಣೆ ಕೆಲಸದ ಲಕ್ಷ್ಮಿದೇವಿಯ ಸೀಲು ಪೂಜೆಯ ತಟ್ಟೆಯಲ್ಲಿ ಅರಿಶಿನ ಕುಂಕುಮ ಮೆತ್ತಿಕೊಂಡು ಕುಳಿತಿತ್ತು. ಚಾಮರಾಜನಗರದ ಆ ಬೋಲ್ಟು ಕಾರ್ಖಾನೆಯಲ್ಲಿ ಸ್ಪ್ಯಾನರಿನಿಂದ ಹಿಡಿದು ತಪಾಸಣೆಯವರ ಸೀಲಿನವರೆಗೆ ಎಲ್ಲವನ್ನೂ ದೇವರ ಮುಂದಿಟ್ಟರೆ, ವಿಜಯದಶಮಿ ಕಳೆಯುವ ತನಕ ಯಾರೂ ಮುಟ್ಟುವಂತಿಲ್ಲ. ಹಾಗಿದ್ದ ಮೇಲೆ ಅದೇ ತಾರೀಖಿನ ಬೋಲ್ಟು ತಪಾಸಣೆಯ ಕಾಗದದ ಮೇಲೆ ಅವಳ ಹದಿನೇಳನೇ ನಂಬರು ಹೇಗೆ ಬಿತ್ತು? ರಜೆ ಮುಗಿಸಿ ತನ್ನೂರು ಬೇಗೂರಿನಿಂದ ಬಂದವಳು ಕಾಗದ ಹಿಡಿದು ನಿಂತೇಬಿಟ್ಟಳು.

ಸೇನೆಯ ಹೆಲಿಕಾಪ್ಟರಿನ ಬಾಲದ ರೆಕ್ಕೆಯನ್ನು ಹಿಡಿದಿಡುವ ಬೋಲ್ಟುಗಳು ಅವು. ತುಕ್ಕು ಹಿಡಿಯದಂತೆ ಲೋಹದ ಲೇಪ ಕೊಡುವ ಪ್ಲೇಟಿಂಗ್ ತೊಟ್ಟಿಯಿಂದ ಎತ್ತಿದ ನಾಲ್ಕು ಗಂಟೆಯೊಳಗೆ ಓವನ್ನಿಗೆ ಹಾಕಿ ಒಂದು ದಿನ ಪೂರ್ತಿ ಕಾಯಿಸಬೇಕು. ಇಲ್ಲದಿದ್ದರೆ ಉಕ್ಕಿಗೆ ಸೇರಿದ ಹೈಡ್ರೋಜನ್ ಒಳಗೇ ಉಳಿದು, ಫಳಫಳ ಹೊಳೆಯುವ ಬೋಲ್ಟು ಭಾರ ಬಿದ್ದ ಯಾವತ್ತೋ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ತಡವಾದ ಮೇಲೆ ಎಷ್ಟು ಕಾಯಿಸಿದರೂ ನಂಬುವಂತಿಲ್ಲ.

ಅವತ್ತು ತೊಟ್ಟಿಯಿಂದ ಎತ್ತಿದ್ದು ಹನ್ನೊಂದಕ್ಕೆ. ಹನ್ನೆರಡಕ್ಕೆಲ್ಲ ಓವನ್ನಿಗೆ ವಿಭೂತಿ ಬಳಿದು, ಹಾರ ಹಾಕಿ, ಬೂದುಗುಂಬಳ ಒಡೆದಿದ್ದರು. ಓವನ್ ನೋಡಿಕೊಳ್ಳುವ ಅಪ್ಸರ್ ಪಾಷಾ, "ಇದೊಂದು ಆನ್ ಮಾಡ್ಬುಡ್ಲಾ ಸಾರ್?" ಎಂದು ಕೇಳಿದ್ದ.

"ಪೂಜೆ ಆಗಿರೋ ಮಿಸೀನ್ನ ಮುಟ್ಟಬ್ಯಾಡ ಕಣ್ಲಾ" ಅಂದಿದ್ದು ಮೇಲ್ವಿಚಾರಕ ಶಾಂತಮಲ್ಲಪ್ಪ.

ಲಕ್ಷ್ಮಿದೇವಿಯೂ ಅಲ್ಲೇ ಇದ್ದಳು. ಈ ಬೋಲ್ಟುಗಳು ಹೇಗೂ ಗುಜರಿಗೇ ಹೋಗುತ್ತವೆ ಅಂದುಕೊಂಡು, ಕಡ್ಲೆಪುರಿ ಕಟ್ಟಿಸಿಕೊಂಡು ಊರಿಗೆ ಹೋಗಿದ್ದಳು. ಓವನ್ ಹಚ್ಚಿದ್ದು ಮೂರನೇ ದಿನ. ಮಾಲು ಆ ವಾರವೇ ಹೊರಡಬೇಕಿತ್ತಲ್ಲ, ಕಾಗದದಲ್ಲಿ ಮಾತ್ರ ಪೂಜೆಯ ದಿನವೇ ಮಧ್ಯಾಹ್ನ ಎರಡು ಗಂಟೆ! ಮಡಿಯೆಲ್ಲ ಓವನ್ನಿಗೆ, ಸೀಲಿಗೆ ಯಾವ ಮಡಿಯೂ ಇರಲಿಲ್ಲ.

"ನನ್ ಸೀಲು ಯಾರು ಒತ್ತಿದ್ದು ಸಾರ್?"

"ನಿನ್ ಸೀಲು ನೀನೇ ತಾನೆ ಕಣಮ್ಮಿ ಒತ್ತೋದು?" ಎಂದ ಶಾಂತಮಲ್ಲಪ್ಪ. "ಬಾಯ್ಬುಟ್ರೆ ಸಿಕ್ಕಾಕಳದು ನೀನೇ. ಸುಮ್ಕಿದ್ಬುಡು."

ಹನ್ನೊಂದು ವರ್ಷದ ಕೆಲಸ. ಬಾಯಿಬಿಟ್ಟರೆ ಅದು ಹೋಗುತ್ತದೆ. ಆದರೂ ಅದೇ ಮಾಲಿನ ನಾಲ್ಕು ಬೋಲ್ಟು ಎತ್ತಿಕೊಂಡು ಹೋಗಿ ಪರೀಕ್ಷೆಯ ಯಂತ್ರದಲ್ಲಿ ಭಾರಕ್ಕೆ ಬಿಗಿದಳು. ಮಾರನೇ ದಿನ ಎರಡರ ತಲೆ ಹಾರಿತ್ತು. ಆ ಚೂರುಗಳನ್ನು ಟಿಫನ್ ಬಾಕ್ಸಿನ ಮುಚ್ಚಳದಲ್ಲಿಟ್ಟುಕೊಂಡು ಮಾಲು ಒಪ್ಪಿಕೊಳ್ಳಲು ಬಂದಿದ್ದ ಸೇನೆಯ ತಪಾಸಣಾಧಿಕಾರಿಯ ಮುಂದೆ ಹಿಡಿದಳು. "ಸೀಲು ನಂದು ಸಾರ್. ಒತ್ತಿದ್ದು ನಾನಲ್ಲ."

ಮಾಲು ಗುಜರಿಗೆ ಹೋಯಿತು. ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. ಓವನ್ ಯಾವತ್ತು ಹಚ್ಚಿದ್ದು ಎಂದು ಕೇಳಿದರೆ ಪಾಷಾ ನೆಲ ನೋಡುತ್ತಾ, "ಜ್ಞಾಪಕ ಇಲ್ಲ ಸಾರ್" ಎಂದ. ಸೀಲು ಅವಳದು ಎಂಬುದಷ್ಟೇ ಸಾಬೀತಾಗಿ, ಸುಳ್ಳು ಸೀಲು ಒತ್ತಿದವಳೆಂದು ಅವಳನ್ನೇ ಕೆಲಸದಿಂದ ತೆಗೆದರು. ಶಾಂತಮಲ್ಲಪ್ಪನ ಕುರ್ಚಿ ಅಲುಗಲಿಲ್ಲ.

ಕೆಲಸ ಬಿಟ್ಟವರ ಸೀಲನ್ನು ಗ್ರೈಂಡರಿಗೆ ಹಿಡಿದು ನಂಬರು ಅಳಿಸಬೇಕೆಂಬುದು ನಿಯಮ. "ನನ್ ಕಣ್ಮುಂದೆ ಅಳಿಸ್ಬುಡಿ ಸಾರ್" ಎಂದು ಅಂಗಲಾಚಿದಳು.

"ಓಗಮ್ಮಿ, ಆಮ್ಯಾಲೆ ಅಳಿಸ್ತೀನಿ" ಎಂದು ಶಾಂತಮಲ್ಲಪ್ಪ ಅದನ್ನು ಜೇಬಿಗೆ ಹಾಕಿಕೊಂಡ.

ಎರಡು ತಿಂಗಳ ಮೇಲೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪಾಷಾ ಸಿಕ್ಕ. ಅತ್ತಿತ್ತ ನೋಡಿ ಹತ್ತಿರ ಬಂದ.

"ಮೇಡಂ, ನಿಮ್ ಹದಿನೇಳು ಇನ್ನೂ ಬೀಳ್ತಾನೇ ಐತೆ. ಓದ್ ವಾರನೂ ಒಂದು ಲೋಡು ಓಯ್ತು."

ಅವಳು ಅವನಿಗೆ ಅಡ್ಡ ನಿಂತಳು. "ಈಗ್ಲಾದ್ರೂ ಬಂದು ಯೋಳ್ತೀಯೇನಪ್ಪ? ಇಬ್ರೂ ಆ ಅಧಿಕಾರಿ ತಾವ್ಕೆ ಹೋಗನ."

"ನನ್ ಬಸ್ಸು ಬಂತು ಮೇಡಂ" ಎಂದವನೇ ಪಾಷಾ ಓಡಿಹೋಗಿ ಹತ್ತಿಕೊಂಡ.

ಅವನ ಮನೆ ಇರುವುದು ಚಾಮರಾಜನಗರದಲ್ಲಿ. ಆ ಬಸ್ಸು ಹೊರಟಿದ್ದು ಬೇರೆ ದಿಕ್ಕಿನ ಹಂಗಳಕ್ಕೆ.