ಮಾಕಳಿಯ ವೀರಗಲ್ಲು

ಗಂಡನ ಬಾಯಿಗೆ ಅಕ್ಕಿಕಾಳು ಹಾಕಿ ತುಂಗಾ ಏಳುತ್ತಿದ್ದಾಗ ಭಾನುವಾರದ ನಡಿಗೆಯವರು ಶೂ ಬಿಚ್ಚಿಟ್ಟು ಒಳಗೆ ಬಂದರು. ಆರ್.ಟಿ. ನಗರದ ಆ ಮನೆಯ ಪುಟ್ಟ ಹಾಲ್ ತುಂಬಿಹೋಯಿತು. ಇವರಲ್ಲಿ ಒಬ್ಬರನ್ನೂ ಅವಳು ನೋಡಿರಲಿಲ್ಲ. ಆದರೂ ವರ್ಷಗಟ್ಟಲೆ ಇವರಿಗೆಲ್ಲ ಚಿತ್ರಾನ್ನ ಕಲಸಿ ಕಳಿಸಿದ್ದಳು.

ಗಂಡ ಸೇತುರಾಮ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಊರಾಚೆಯ ಹಳೇ ಗುಡಿ, ಕೆರೆ, ಕಲ್ಲುಗಳನ್ನು ತೋರಿಸುತ್ತ ಜನರನ್ನು ನಡೆಸಿಕೊಂಡು ಹೋಗುತ್ತಿದ್ದ. ಪೇಟೆಯ ಜನ ಅವನನ್ನು ಇತಿಹಾಸಕಾರ ಎಂದೇ ತಿಳಿದಿದ್ದರು. ಅವನೂ ಅಲ್ಲ ಅಂದಿರಲಿಲ್ಲ.

ಬಂದವರಲ್ಲಿ ಹಿರಿಯಳಾದ ಕನೀಜ್ ಊರುಗೋಲನ್ನು ಗೋಡೆಗೆ ಆನಿಸಿ ತುಂಗಾಳ ಪಕ್ಕ ಕೂತಳು. ತುಂಗಾ ಆ ಕೋಲನ್ನೇ ನೋಡಿದಳು.

"ನೀವೂ ನಡೀತಿದ್ರಾ?"

"ಒಂದ್ ವಾರಾನೂ ತಪ್ಪಿಸ್ಲಿಲ್ಲ ಕಣ್ರೀ. ಸಾಬ್ ನನಗೋಸ್ಕರ ನಿಧಾನಕ್ಕೆ ಹೋಗೋರು. ನೀವೂ ಬರ್ಬೇಕಿತ್ತು. ನಿಮಗೆ ಇದೆಲ್ಲ ಬೋರು ಅಂತಿದ್ರು."

ತುಂಗಾಳಿಗೆ ಅವನು ಹೇಳಿದ್ದೇ ಬೇರೆ. ಮುಳ್ಳು, ದಿಣ್ಣೆ, ನಿನ್ನ ಮಂಡಿಗೆ ಆಗಲ್ಲ ಅನ್ನುತ್ತಿದ್ದ.

ಅಷ್ಟರಲ್ಲಿ ಗುಂಪಿನ ವೆಂಕಟೇಶಪ್ಪ ಎದ್ದು ನಿಂತ. "ಮಾಕಳಿ ವೀರಗಲ್ಲಿನ ಕತೆ ಹೇಳಿ ಸರ್‌ನ ಕಳಿಸ್ಕೊಡೋಣ. ಹೋದ್ ಭಾನ್ವಾರನೂ ಅಲ್ಲೇ ಕೂತಿದ್ವಿ."

ದನ ಬಿಡಿಸಲು ಹೋಗಿ ಸತ್ತ ವೀರನ ಕತೆ ಹೇಳಿದ. "ಕಾಲ ಹತ್ರ ನಾಯಿ ಇದೆಯಲ್ಲ, ಅದರ ಹೆಸ್ರು ಕೆಂಚ. ಯಜಮಾನ ಹೋದ್ಮೇಲೆ ಊಟ ಬಿಟ್ಬಿಡ್ತು. ಒಬ್ಳು ಪುಟ್ಟ ಹುಡುಗಿ ತಾನು ಮೊದ್ಲು ಉಂಡು ತೋರಿಸಿದ್ಮೇಲೇ ತಿಂತಂತೆ. ಶಾಸನದಲ್ಲೇ ಇದೆ, ಸರ್ ಓದಿ ಹೇಳೋರು."

ತುಂಗಾಳ ಮೈ ಉರಿಯಿತು. ಯಾವ ಶಾಸನದಲ್ಲೂ ಕೆಂಚ ಇರಲಿಲ್ಲ. ಅನ್ನ ಬೇಡವೆಂದು ಹಟ ಹಿಡಿದ ಮೊಮ್ಮಗಳಿಗೆ ಉಣ್ಣಿಸಲು ಅಜ್ಜಿ ಆ ಕಲ್ಲಿಗೆ ಒರಗಿ ಕೂತು ಕಟ್ಟಿದ ಕತೆ ಅದು. ಆ ಪುಟ್ಟ ಹುಡುಗಿ ತುಂಗಾ.

*

"ಒಂದ್ಸಲ ಮಾಕಳಿಗೆ ಕರ್ಕೊಂಡ್ ಹೋಗ್ರೀ, ಅಜ್ಜಿ ಹೊಲದ ಕಲ್ಲು ನೋಡ್ಬೇಕು," ಎಂದು ಅವಳು ಹಿಂದೆ ಕೇಳಿದ್ದಳು.

ಸೇತುರಾಮ ಡಬ್ಬಿಯನ್ನು ಚೀಲಕ್ಕೆ ಇಳಿಸುತ್ತಿದ್ದ. "ಕಲ್ಲೆಲ್ಲಿದೆ ತುಂಗಾ? ಲೇಔಟ್‌ನೋರು ಜೆಸಿಬಿ ತಂದು ಒಡೆದು ಹಾಕಿದ್ರು."

ಅವಳು ಅತ್ತಳು. ಅವನು ಬೆನ್ನು ಸವರಿದ. ಆಮೇಲೆ ಅಜ್ಜಿಯ ಕತೆ ಹೇಳು ಎಂದು ಎದುರಿಗೇ ಕೂತ. ಗಂಡ ಇಷ್ಟು ಪ್ರೀತಿಯಿಂದ ಕೇಳುತ್ತಾನಲ್ಲ ಎಂದು ಅವಳು ಒಂದೂ ಬಿಡದೆ ಹೇಳಿದಳು.

*

ಗಂಡಸರು ಹೆಣದ ಜೊತೆ ಹೆಬ್ಬಾಳದ ಚಿತಾಗಾರಕ್ಕೆ ಹೊರಟರು. ಇವರ ಮನೆಯಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ.

"ಅಮ್ಮಾ, ನೀರು ಕಾದಿದೆ, ಸ್ನಾನ ಮಾಡು," ಅಂದಳು ಮಗಳು ಮಹತಿ.

"ಬಂದು ಮಾಡ್ತೀನಿ. ಕನೀಜಮ್ಮ, ನನ್ನ ಮಾಕಳಿಗೆ ಕರ್ಕೊಂಡ್ ಹೋಗ್ತೀರಾ?"

"ಇವತ್ತಾ? ಜನ ಏನಂದ್ಕೋತಾರೆ?"

"ಅವ್ರು ಬೂದಿ ಆಗೋದ್ರೊಳಗೆ ನೋಡ್ಬೇಕು. ಆಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ?"

ಮಹತಿ ಬಾಗಿಲಿಗೆ ಅಡ್ಡ ನಿಂತಳು. ತಾಯಿಯ ಮುಖ ನೋಡಿ ಪಕ್ಕಕ್ಕೆ ಸರಿದಳು.

ಮಾಕಳಿಯಲ್ಲಿ ಕಾರಿಳಿದು ಇಬ್ಬರೂ ಮಣ್ಣಿನ ದಾರಿ ಹಿಡಿದರು. ಮುಳ್ಳಿರಲಿಲ್ಲ. ದಿಣ್ಣೆಯೂ ಇರಲಿಲ್ಲ. ತುಂಗಾಳ ಮಂಡಿ ಒಮ್ಮೆಯೂ ನೋಯಲಿಲ್ಲ, ಅದಕ್ಕೇ ಅವಳಿಗೆ ಅಳು ಬಂತು.

"ಎಲ್ಲೇ ಸುತ್ತಿದ್ರೂ ಕೊನೆಗೆ ಇಲ್ಲೇ ಕೂರ್ತಿದ್ವಿ," ಅಂದಳು ಕನೀಜ್.

ಹೊಲದ ಅಂಚಿನಲ್ಲಿ ಕಲ್ಲು ನೆಟ್ಟಗೆ ನಿಂತಿತ್ತು. ಸುತ್ತ ಮೊಣಕಾಲುದ್ದ ಹುಲ್ಲು. ಕಲ್ಲಿನ ಮುಂದೆ ಮಾತ್ರ, ವಾರವಾರವೂ ಜನ ಕೂತೂ ಕೂತೂ, ಒಂದು ಅಂಗಳದಷ್ಟು ನೆಲ ಬೋಳಾಗಿ ನುಣುಪಾಗಿತ್ತು.